ಹಳೇ ಟ್ರೇಲರ್ ಕೊಳ್ಳುವ ಮುಂಚೆ ಅದರ ಕೆಳಗೆ ಒಮ್ಮೆ ಮಲಗಿ ನೋಡಿ

ಪ್ರಶ್ನೆ: ಹನ್ನೊಂದು ವರ್ಷದಿಂದ ಅದಿರು ಟಿಪ್ಪರ್ ಓಡಿಸುತ್ತಿದ್ದೇನೆ. ಈಗ ಸ್ವಂತಕ್ಕೆ ಒಂದು ಗಾಡಿ ಮಾಡಬೇಕು ಅಂತ ಆಸೆ. ತೋರಣಗಲ್ಲಿನಿಂದ ಸ್ಟೀಲ್ ಕಾಯಿಲ್ (ಸುರುಳಿ ಸುತ್ತಿದ ಉಕ್ಕಿನ ತಗಡು) ಸಾಗಿಸುತ್ತಿದ್ದ 2017ರ ಮಾಡೆಲ್ ಟ್ರೇಲರ್ ಒಂದು ಸಿಗುತ್ತಿದೆ. ಹೊಸದಾಗಿ ಬಣ್ಣ ಹೊಡೆಸಿದ್ದಾರೆ, ಎಂಜಿನ್ ಶಬ್ದವೂ ಚೆನ್ನಾಗಿದೆ. ತಗೋಬಹುದಾ?
– ಸಂಡೂರಿನ ಓದುಗರು

ಎಂಜಿನ್ ಶಬ್ದ ನಿಮ್ಮ ಕಿವಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಹೊಸ ಬಣ್ಣ ಅಂದಿರಲ್ಲ, ನನ್ನ ಅನುಮಾನ ಅಲ್ಲೇ. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಿಸಬಹುದು. ಚಾಸಿ, ಅಂದರೆ ಇಡೀ ಭಾರ ಹೊರುವ ಉಕ್ಕಿನ ಚೌಕಟ್ಟು, ಬಿರುಕು ಬಿಟ್ಟಿದ್ದರೆ ಎಷ್ಟು ವೆಲ್ಡಿಂಗ್ ಮಾಡಿಸಿದರೂ ಲೋಡ್ ಹಾಕಿದಾಗ ಅದರ ಪಕ್ಕದಲ್ಲೇ ಮತ್ತೆ ಸೀಳುತ್ತದೆ.

ಕಾಯಿಲ್ ಲೋಡ್ ಬೇರೆ ಲೋಡಿನ ಹಾಗಲ್ಲ. ಅಕ್ಕಿ ಮೂಟೆ ಇಡೀ ಟ್ರೇಲರಿನ ಮೇಲೆ ಹರಡಿಕೊಳ್ಳುತ್ತದೆ. ಒಂದು ದೊಡ್ಡ ಕಾಯಿಲ್ ಇಪ್ಪತ್ತು ಟನ್ ದಾಟಬಹುದು, ಅಷ್ಟೂ ಭಾರ ಒಂದೇ ಜಾಗದಲ್ಲಿ ಕೂರುತ್ತದೆ. ಹಾಗಾಗಿ ಟ್ರೇಲರ್ ಕೆಳಗೆ ಒಂದು ಗೋಣಿಚೀಲ ಹಾಸಿ ಮಲಗಿ. ಕೈಯಲ್ಲಿ ಟಾರ್ಚು, ಡೀಸೆಲ್‌ನಲ್ಲಿ ಅದ್ದಿದ ಬಟ್ಟೆ ಇರಲಿ. ಕಾಯಿಲ್ ಕೂರುವ ಜಾಗದ ಕೆಳಗಿನ ಉದ್ದ ತೊಲೆಗಳನ್ನು, ಮುಂದೆ ಟ್ರೇಲರ್ ಕತ್ತಿನ ಹಾಗೆ ಬಾಗುವ ಮೂಲೆಯನ್ನು ಒರೆಸಿ. ನಮ್ಮ ಕಡೆ ಎಲ್ಲಾ ಗಾಡಿಗೂ ಕೆಂಪು ಧೂಳು ಮೆತ್ತಿರುತ್ತದೆ, ಅದು ಬಟ್ಟೆಗೆ ಬಂದುಬಿಡುತ್ತದೆ. ಬಿರುಕಿನ ತುಕ್ಕು ಹಾಗೆ ಹೋಗುವುದಿಲ್ಲ. ಒರೆಸಿದ ಮೇಲೂ ಕೂದಲೆಳೆಯಷ್ಟು ಕಂದು ಗೆರೆ ಉಳಿದರೆ ಅದು ಬಿರುಕೇ ಅಂತ ತಿಳಿಯಿರಿ. ತೊಲೆಗೆ ಆಮೇಲೆ ಪ್ಲೇಟ್ ಕೂರಿಸಿ ವೆಲ್ಡ್ ಮಾಡಿದ್ದರೆ ಯಾಕೆ ಅಂತ ಕೇಳಿ.

ಆಮೇಲೆ ಟ್ರೇಲರ್ ಕಳಚಿಸಿ ಕಿಂಗ್ ಪಿನ್ ನೋಡಿ. ಮುಂದಿನ ಆಕ್ಸಲ್ಲಿನ ಕಿಂಗ್ ಪಿನ್ ಅಲ್ಲ, ಟ್ರೇಲರನ್ನು ಮುಂದಿನ ಗಾಡಿಗೆ ಸೇರಿಸುವ, ಟ್ರೇಲರ್ ಕೆಳಗೆ ಇಳಿದಿರುವ ಪಿನ್. ಎರಡು ಇಂಚಿನ ಪಿನ್ ಹೊಸದಿದ್ದಾಗ 50.8 ಮಿ.ಮೀ. ದಪ್ಪ ಇರುತ್ತದೆ. 49ಕ್ಕೆ ಬಂದರೆ ಬದಲಿಸಲೇಬೇಕು. ವರ್ನಿಯರ್ ಹಿಡಿದು ಅಳೆದರೆ ಐದು ನಿಮಿಷದ ಕೆಲಸ. ಅಷ್ಟು ಟನ್ನು ಎಳೆಯುವುದು ಈ ಒಂದು ಪಿನ್ ಮೇಲೆ, ದಯವಿಟ್ಟು ಬಿಡಬೇಡಿ.

ಇನ್ನು ಎಂಜಿನ್ನು. ಬೆಳಿಗ್ಗೆ ಹೋಗಿ, ತಣ್ಣಗಿರುವಾಗ ನಿಮ್ಮ ಕೈಯಿಂದಲೇ ಸ್ಟಾರ್ಟ್ ಮಾಡಿ. ನೀವು ಬರುವ ಮುಂಚೆಯೇ ಬಿಸಿ ಮಾಡಿಟ್ಟಿದ್ದರೆ ಮರುದಿನ ಬರ್ತೀನಿ ಅಂತ ಹೇಳಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಟೀ ಹಾಗೆ ಕಂಡರೆ ನೀರು ಸೇರಿದೆ. ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲ ಮಾಡಿ ಸುಮ್ನೆ ಮೇಲಿಡಿ. ಕುಣಿದು ಹಾರಿ ಬಿದ್ದರೆ ಪಿಸ್ಟನ್ ರಿಂಗು ಸವೆದಿರಬಹುದು.

ಟೈರ್ ಗುಂಡಿ (ರಸ್ತೆಗೆ ತಾಗುವ ರಬ್ಬರಿನ ಅಚ್ಚು) ಎಷ್ಟಿದೆ ಅಂತ ಎಲ್ಲರೂ ನೋಡುತ್ತಾರೆ, ವಯಸ್ಸು ಯಾರೂ ನೋಡಲ್ಲ. ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತದೆ. 2319 ಅಂದರೆ 2019ರ 23ನೇ ವಾರ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ಸಾಲಾಗಿ ನಿಂತವು, ಕಂತು ಕಟ್ಟಲಾಗದೆ ಎಷ್ಟೋ ಮನೆ ಸೋತವು. ನನ್ನ ಗೆಳೆಯರೊಬ್ಬರು ಆಗ ಅಗ್ಗಕ್ಕೆ ಸಿಕ್ಕಿತು ಅಂತ ಹಾಗೆ ನಿಂತಿದ್ದ ಗಾಡಿ ತಂದರು. ಟೈರಿನ ಗುಂಡಿ ಹೊಸದರ ಹಾಗಿತ್ತು, ಆದರೆ ರಬ್ಬರ್ ಬಿಸಿಲಿಗೆ ಗಟ್ಟಿಯಾಗಿತ್ತು. ಮೊದಲ ತಿಂಗಳಲ್ಲೇ ನಾಲ್ಕು ಒಡೆದವು.

ಇದೆಲ್ಲ ಸರಿ ಇದ್ದರೆ ತಗೊಳ್ಳಿ. 2017ರ ಬಗ್ಗೆ ಒಂದು ಮಾತು: ಹೊಗೆ ಮಾಲಿನ್ಯದ ಬಿಎಸ್4 ನಿಯಮ ದೇಶಕ್ಕೆಲ್ಲ ಬಂದದ್ದು ಆ ವರ್ಷ ಏಪ್ರಿಲ್ 1ರಿಂದ. ಅದಕ್ಕೂ ಮುಂಚಿನದಾದರೆ ಬಿಎಸ್3 ಇರಬಹುದು, ಆರ್‌ಸಿಯಲ್ಲಿ ನೋಡಿ. ಎಂಟು ವರ್ಷ ದಾಟಿರುವುದರಿಂದ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಪತ್ರ) ಪ್ರತಿ ವರ್ಷ ಮಾಡಿಸಬೇಕು. ನ್ಯಾಷನಲ್ ಪರ್ಮಿಟ್ ಎರಡಕ್ಕಿಂತ ಜಾಸ್ತಿ ಆಕ್ಸಲ್ ಇರುವ ಗಾಡಿಗೆ 15 ವರ್ಷ, ಎರಡು ಆಕ್ಸಲ್ಲಿನ ಲಾರಿಗೆ 12 ವರ್ಷ. ಹಾಗಾಗಿ ನಿಮ್ಮ ಕಂತು 2032ಕ್ಕೆ ಸಾಕಷ್ಟು ಮುಂಚೆಯೇ ಮುಗಿಯಬೇಕು.

ಪ್ರಶ್ನೆ: ಮುಂದಿನ ಗಾಡಿ, ಹಿಂದಿನ ಟ್ರೇಲರ್ ಎರಡಕ್ಕೂ ಬೇರೆ ಬೇರೆ ಕಾಗದ ಬೇಕಾ?
– ಸಿಂಧನೂರಿನ ಓದುಗರು

ಬೇಕು. ಎರಡಕ್ಕೂ ಬೇರೆ ನಂಬರ್, ಬೇರೆ ಆರ್‌ಸಿ. ಎಂಜಿನ್ ಇರುವ ಗಾಡಿಯ ಕಾಗದ ಮಾತ್ರ ತೋರಿಸಿ ವ್ಯಾಪಾರ ಮುಗಿಸುವವರಿದ್ದಾರೆ. ಟ್ರೇಲರಿನ ಚಾಸಿ ನಂಬರಿನ ಮೇಲೂ ಹಾಳೆ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆಯಿರಿ, ಆರ್‌ಸಿ ಜೊತೆ ಒಂದೊಂದೇ ಅಕ್ಷರ ಹೋಲಿಸಿ. ಸಾಲ ತೀರಿದೆ ಅಂತ ಬಾಯಲ್ಲಿ ಹೇಳಿದರೆ ಸಾಲದು. ಫೈನಾನ್ಸ್‌ನವರು ಸಹಿ ಮಾಡಿದ ಫಾರಂ 35 ಕೈಗೆ ಬರಲಿ. ಆಂಧ್ರ, ತೆಲಂಗಾಣದ ಗಾಡಿಯಾದರೆ ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿಯೂ ಬೇಕು. ಸರ್ಕಾರದ ಪರಿವಾಹನ್ ವೆಬ್‌ಸೈಟಿನಲ್ಲಿ ಎರಡೂ ನಂಬರ್ ಹಾಕಿ ಬಾಕಿ ಚಲನ್ ನೋಡಿ. ಓವರ್‌ಲೋಡಿಗೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಹತ್ತು ಟನ್ ಜಾಸ್ತಿ ಹಾಕಿದ ಒಂದೇ ಟ್ರಿಪ್ಪಿಗೆ 40,000 ಆಯಿತಲ್ವಾ?

ಪ್ರಶ್ನೆ: ಎರಡು ವರ್ಷದ ಹಿಂದೆ ಲಾರಿ ಮಾರಿದೆ. ಕೊಂಡವರು ಹೆಸರು ಬದಲಿಸಿಕೊಂಡಿಲ್ಲ. ಚಲನ್ ನನಗೇ ಬರುತ್ತಿದೆ.
– ಕೊಪ್ಪಳದ ಓದುಗರು

ಚಲನ್ ಚಿಕ್ಕ ವಿಷಯ. ಆ ಲಾರಿ ಅಪಘಾತ ಮಾಡಿದರೆ ಏನು ಗತಿ, ಅದನ್ನು ಯೋಚಿಸಿ. ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರಕ್ಕೂ ಅವರೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗಾಡಿ ಎಷ್ಟು ಕೈ ಬದಲಾಗಿದ್ದರೂ ಅಷ್ಟೇ. ರಾಜ್ಯದೊಳಗೆ ಮಾರಿದರೆ 14 ದಿನದಲ್ಲಿ ನೀವೇ ತಿಳಿಸಬೇಕಿತ್ತು. ತಡವಾದರೂ ಈ ವಾರವೇ ನಿಮ್ಮ ಕೊಪ್ಪಳದ ಆರ್‌ಟಿಒ (ಕೆಎ 37) ಕಚೇರಿಗೆ ಹೋಗಿ. ಗಾಡಿ ಮಾರಿದ್ದನ್ನು ತಿಳಿಸುವ ಫಾರಂ 29, ಮಾರಾಟದ ಕರಾರು, ದುಡ್ಡು ಬಂದ ಬ್ಯಾಂಕ್ ವಿವರ ಜೊತೆಗಿಟ್ಟು ಅರ್ಜಿ ಕೊಡಿ, ಮೊಹರು ಹಾಕಿದ ಪ್ರತಿ ಇಟ್ಟುಕೊಳ್ಳಿ. ಕೊಂಡವರಿಗೆ ವಕೀಲರ ಮೂಲಕ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ಹೆಸರು ಬದಲಾಗುವವರೆಗೆ ಆ ಲಾರಿಗೆ ಇನ್ಶೂರೆನ್ಸ್ ಇದೆಯೋ ಇಲ್ಲವೋ ಅಂತ ಪ್ರತಿ ತಿಂಗಳು ಪರಿವಾಹನ್‌ನಲ್ಲಿ ನೋಡುತ್ತಿರಿ. ಮುಗಿದಿದ್ದರೆ ಅದೇ ದಿನ ಆರ್‌ಟಿಒಗೆ ಬರೆದು ಕೊಡಿ.