ಓದುಗರ ಪ್ರಶ್ನೆ: ಗ್ವಾಂಟನಾಮೊಗೆ ಬೀಗ ಬೀಳೋದು ಯಾವಾಗ?

ಪ್ರಶ್ನೆ: ಒಂದು ವರ್ಷದೊಳಗೆ ಗ್ವಾಂಟನಾಮೊ ಸೆರೆಶಿಬಿರ ಮುಚ್ಚಬೇಕೆಂದು ಒಬಾಮ 2009ರಲ್ಲೇ ಆದೇಶ ಹೊರಡಿಸಿದ್ದರು. ಇನ್ನೂ ಯಾಕ ಮುಚ್ಚಿಲ್ಲ? ಮುಚ್ಚಬೇಕೋ ಬ್ಯಾಡೋ, ನೇರ ಹೇಳ್ರಿ.
— ಕಾನೂನು ವಿದ್ಯಾರ್ಥಿ, ಕೌಲ್‌ಬಜಾರ್, ಬಳ್ಳಾರಿ

ಮುಚ್ಚಬೇಕು. ಕ್ಯೂಬಾದಲ್ಲಿರುವ ಅಮೆರಿಕದ ನೌಕಾನೆಲೆಯೊಳಗೆ ಭಯೋತ್ಪಾದನೆಯ ಶಂಕಿತರನ್ನು ಇಡುವ ಶಿಬಿರ ಇದು. ಆದರೆ ಮೊದಲು ಒಳಗಿದ್ದವರ ಲೆಕ್ಕ ನೋಡಿ. 2002ರ ಜನವರಿ 11ರಂದು ಮೊದಲ 20 ಮಂದಿ ಬಂದಿಳಿದರು. ಅಲ್ಲಿಂದೀಚೆಗೆ ಒಟ್ಟು ಸುಮಾರು 780 ಜನ ಆ ಶಿಬಿರ ಕಂಡಿದ್ದಾರೆ. ಒಬಾಮ ಬಂದಾಗ ಉಳಿದಿದ್ದ 240 ಮಂದಿಯ ಕಡತಗಳನ್ನು ಸರ್ಕಾರದ ಬೇರೆಬೇರೆ ಇಲಾಖೆಗಳ ತಂಡವೊಂದು ಒಂದೊಂದಾಗಿ ಬಿಚ್ಚಿ ನೋಡಿತು. 126 ಮಂದಿಯನ್ನು ಬೇರೆ ದೇಶಕ್ಕೆ ಕಳಿಸಬಹುದು, 36 ಮಂದಿಯ ಮೇಲೆ ಮೊಕದ್ದಮೆ ಹೂಡಬಹುದು, 30 ಮಂದಿ ಯೆಮನಿಗಳನ್ನು ಅವರ ದೇಶದ ಪರಿಸ್ಥಿತಿ ಸುಧಾರಿಸಿದ ಮೇಲೆ ಕಳಿಸಬಹುದು ಎಂದಿತು. ಉಳಿದ 48 ಮಂದಿಯನ್ನು ಬಿಟ್ಟರೆ ಅಪಾಯ, ಕೋರ್ಟಿಗೆ ಒಯ್ದರೆ ಕೇಸು ನಿಲ್ಲುವುದಿಲ್ಲ. ಕಗ್ಗಂಟು ಇರುವುದು ಈ 48ರಲ್ಲಿ. ಇವರನ್ನು ಅಮೆರಿಕದ ಒಳನಾಡಿನ ಜೈಲಿಗೆ ಸಾಗಿಸಿ, ಅಲ್ಲೂ ಚಾರ್ಜ್‌ಶೀಟ್ ಇಲ್ಲದೆ ಕೂಡಿಹಾಕಿದರೆ ಬದಲಾಗುವುದು ವಿಳಾಸ ಮಾತ್ರ. ಅಂಥ ಮುಚ್ಚುವಿಕೆಗೆ ನಮ್ಮ ಸಮ್ಮತಿಯಿಲ್ಲ.

ಆ ದಾರಿಯನ್ನೂ ಅಮೆರಿಕದ ಸಂಸತ್ತು ಕಟ್ಟಿಬಿಟ್ಟಿತು. 2011ರಿಂದ ರಕ್ಷಣಾ ಕಾಯ್ದೆಯಲ್ಲಿ ವರ್ಷವರ್ಷವೂ ಒಂದು ಷರತ್ತು ಸೇರುತ್ತಿದೆ: ಈ ಕೈದಿಗಳನ್ನು ಅಮೆರಿಕದ ನೆಲಕ್ಕೆ ತರಲು ಸರ್ಕಾರಿ ಹಣ ಬಳಸುವಂತಿಲ್ಲ. ವಿಚಾರಣೆಗೆಂದೂ ತರುವಂತಿಲ್ಲ! ಈ ನಿರ್ಬಂಧ ಬರುವ ಮೊದಲೇ ನ್ಯೂಯಾರ್ಕಿಗೆ ಬಂದ ಒಬ್ಬನೇ ಒಬ್ಬ ಅಹ್ಮದ್ ಘೈಲಾನಿ. 1998ರಲ್ಲಿ ಪೂರ್ವ ಆಫ್ರಿಕಾದ ಅಮೆರಿಕ ರಾಯಭಾರ ಕಚೇರಿಗಳಲ್ಲಿ ನಡೆದ ಬಾಂಬ್ ಸ್ಫೋಟದ ಆರೋಪಿ. 2009ರ ಜೂನ್‌ನಲ್ಲಿ ಬಂದ. 2010ರ ನವೆಂಬರ್‌ನಲ್ಲಿ ಜ್ಯೂರಿ ತೀರ್ಪು ಕೊಟ್ಟಿತು. 285 ಆರೋಪಗಳಲ್ಲಿ 284ರಲ್ಲಿ ಖುಲಾಸೆ ಆಯಿತೆಂದು ವಿರೋಧಿಗಳು ಬೊಬ್ಬೆ ಹೊಡೆದರು. ಉಳಿದ ಒಂದೇ ಆರೋಪಕ್ಕೆ ಅವನಿಗೆ ಜೀವಾವಧಿ ಶಿಕ್ಷೆಯಾಗಿದೆ.

ಅದೇ ಖಾಲಿದ್ ಶೇಖ್ ಮೊಹಮ್ಮದ್‌ನ ಕಥೆ ನೋಡಿ. ಸೆಪ್ಟೆಂಬರ್ 11ರ ದಾಳಿಯ ಸೂತ್ರಧಾರ ಎಂಬ ಆರೋಪ ಹೊತ್ತವನು, ಸಿಕ್ಕಿಬಿದ್ದದ್ದು 2003ರಲ್ಲಿ. ಗ್ವಾಂಟನಾಮೊದ ಮಿಲಿಟರಿ ಕಮಿಷನ್ (ಸೇನೆಯ ವಿಶೇಷ ನ್ಯಾಯಮಂಡಳಿ) ಮುಂದೆ 2012ರಲ್ಲಿ ಆರೋಪ ಓದಿಹೇಳಿದರೂ 2025ರ ಮಧ್ಯದವರೆಗೆ ಮುಖ್ಯ ವಿಚಾರಣೆಯೇ ಶುರುವಾಗಿರಲಿಲ್ಲ. ಸಿಐಎ ತನ್ನ ಗುಪ್ತ ಜೈಲಿನಲ್ಲಿ ಅವನ ಮುಖಕ್ಕೆ ನೀರು ಸುರಿದು ಉಸಿರುಗಟ್ಟಿಸಿದ್ದು 183 ಸಲ. ಆಮೇಲೆ ಎಫ್‌ಬಿಐನವರು ಬಂದು ಮರ್ಯಾದೆಯಿಂದಲೇ ಹೇಳಿಕೆ ಪಡೆದರೂ, ಅದು ಹಳೇ ಹೊಡೆತದ ಭಯದಲ್ಲಿ ಆಡಿದ ಮಾತೋ ಅಲ್ಲವೋ ಎಂಬ ವಾದ ಮುಗಿಯುವುದಿಲ್ಲ. ಅಮೆರಿಕದ ಯುದ್ಧನೌಕೆ ಯುಎಸ್‌ಎಸ್ ಕೋಲ್ ಮೇಲಿನ ದಾಳಿಯ ಆರೋಪಿ ನಾಶಿರಿಯ ಅಂಥದ್ದೇ ಹೇಳಿಕೆಯನ್ನು ಮಿಲಿಟರಿ ನ್ಯಾಯಾಧೀಶರೇ 2023ರಲ್ಲಿ ತಳ್ಳಿಹಾಕಿದರು. 2024ರ ಜುಲೈನಲ್ಲಿ ಖಾಲಿದ್ ತಪ್ಪೊಪ್ಪಿಕೊಂಡರೆ ಮರಣದಂಡನೆ ಇಲ್ಲ ಎಂಬ ಒಪ್ಪಂದವಾಯಿತು. ಎರಡೇ ದಿನದಲ್ಲಿ ರಕ್ಷಣಾ ಸಚಿವರು ಅದನ್ನು ಹಿಂಪಡೆದರು.

2025ರ ಜನವರಿಯಲ್ಲಿ ಉಳಿದಿದ್ದವರು 15. ಅವರಲ್ಲಿ 3 ಮಂದಿಯ ಬಿಡುಗಡೆಗೆ ಒಪ್ಪಿಗೆ ಸಿಕ್ಕಿತ್ತು, 3 ಮಂದಿ ಆರೋಪವೂ ಇಲ್ಲದೆ ಪರಿಶೀಲನಾ ಮಂಡಳಿಯ ಮುಂದಿದ್ದರು, 7 ಮಂದಿಯ ಕೇಸು ಮಿಲಿಟರಿ ಕಮಿಷನ್‌ನಲ್ಲಿತ್ತು, 2 ಮಂದಿಗೆ ಶಿಕ್ಷೆಯಾಗಿತ್ತು. ತಪ್ಪೊಪ್ಪಿಗೆಯ ಒಪ್ಪಂದಗಳನ್ನು ಉಳಿಸಿಕೊಂಡು, ಒಪ್ಪಿಗೆ ಸಿಕ್ಕವರಿಗೆ ದೇಶ ಹುಡುಕಿದ್ದರೆ ಇದು ಮುಗಿಯುವ ಕೆಲಸವೇ ಆಗಿತ್ತು.

ಪ್ರಶ್ನೆ: ಬಿಟ್ಟ ಮ್ಯಾಲ ಅವರು ಮತ್ತ ಬಂದೂಕು ಹಿಡಿಯಂಗಿಲ್ಲ ಅಂತ ಏನು ಗ್ಯಾರಂಟಿ? ಕಳಿಸೋದಾದರೂ ಎಲ್ಲಿಗೆ?
— ಓದುಗರು, ಸಿಂಧನೂರು

ಗ್ಯಾರಂಟಿ ಇಲ್ಲ. ಅಮೆರಿಕದ ಗುಪ್ತಚರ ಇಲಾಖೆಯದೇ ಅಂಕಿಅಂಶದ ಪ್ರಕಾರ 2009ಕ್ಕೆ ಮೊದಲು ಬಿಟ್ಟವರಲ್ಲಿ ಸುಮಾರು ಐವರಲ್ಲಿ ಒಬ್ಬ ಹಳೇ ದಾರಿ ಹಿಡಿದದ್ದು ಖಚಿತವಾಗಿದೆ. ಆನಂತರ ಬಿಟ್ಟವರಲ್ಲಿ ಇಪ್ಪತ್ತರಲ್ಲಿ ಒಬ್ಬ. ಕಡತ ನೋಡಿ, ಹೋಗುವ ದೇಶದ ಜೊತೆ ನಿಗಾ ಇಡುವ ಮತ್ತು ಪ್ರಯಾಣಕ್ಕೆ ನಿರ್ಬಂಧ ಹೇರುವ ಒಪ್ಪಂದ ಮಾಡಿಕೊಂಡು ಕಳಿಸಿದ್ದರ ಫಲ ಅದು. ರಕ್ಷಣಾ ಸಚಿವರು ಭರವಸೆಪತ್ರ ಕೊಟ್ಟು, ಸಂಸತ್ತಿಗೆ 30 ದಿನ ಮೊದಲೇ ತಿಳಿಸಿದ ಮೇಲಷ್ಟೇ ವಿಮಾನ ಹಾರುತ್ತದೆ.

ಎಲ್ಲಿಗೆ ಅನ್ನುವುದು ಇನ್ನೂ ಕಷ್ಟ. ಚೀನಾದ ಮುಸ್ಲಿಂ ಅಲ್ಪಸಂಖ್ಯಾತರಾದ ಉಯಿಗುರರು 22 ಮಂದಿ ಇದ್ದರು. ಚೀನಾಕ್ಕೆ ಕಳಿಸಿದರೆ ಚಿತ್ರಹಿಂಸೆ ಖಾತ್ರಿ. ಅಮೆರಿಕ ತನ್ನ ನೆಲದಲ್ಲಿ ಇಟ್ಟುಕೊಳ್ಳಲೊಲ್ಲದು. ಕೊನೆಗೆ ಅಲ್ಬೇನಿಯಾ, ಬರ್ಮುಡಾ, ಪಲಾವು, ಸ್ವಿಟ್ಜರ್ಲೆಂಡ್, ಎಲ್ ಸಾಲ್ವಡಾರ್, ಸ್ಲೊವಾಕಿಯ ಎಂದು ಚೆದುರಿಹೋದರು. ಕೊನೆಯ ಮೂವರು ಹೊರಬಿದ್ದಾಗ 2013ರ ಡಿಸೆಂಬರ್.

ಪ್ರಶ್ನೆ: ಮೊದಲ ಮಹಾಯುದ್ಧದಾಗ ನಮ್ಮ ಬಳ್ಳಾರಿಯೊಳಗೂ ತುರ್ಕಿ ಕೈದಿಗಳನ್ನ ಇಟ್ಟಿದ್ದರಂತ. ಅದಕ್ಕೂ ಇದಕ್ಕೂ ಏನು ಫರಕು?
— ನಿವೃತ್ತ ಶಿಕ್ಷಕರು, ಬಳ್ಳಾರಿ

ಹೌದು, ಇಟ್ಟಿದ್ದರು, 1917ರಲ್ಲಿ ರೆಡ್ ಕ್ರಾಸ್ ಪ್ರತಿನಿಧಿಗಳು ಬಳ್ಳಾರಿಯ ಶಿಬಿರಕ್ಕೂ ಬಂದು ನೋಡಿ ವರದಿ ಬರೆದಿದ್ದಾರೆ. ಗ್ವಾಂಟನಾಮೊಗೂ ರೆಡ್ ಕ್ರಾಸ್ ಹೋಗುತ್ತದೆ. ಫರಕು ಇರುವುದು ಯುದ್ಧದ ಕೊನೆಯಲ್ಲಿ. ಹೋರಾಟ ನಿಂತ ಮೇಲೆ ಯುದ್ಧಕೈದಿಗಳನ್ನು ತಡಮಾಡದೆ ಬಿಡಬೇಕೆಂದು 1949ರ ಮೂರನೇ ಜಿನೀವಾ ಒಡಂಬಡಿಕೆಯ 118ನೇ ವಿಧಿ ಹೇಳುತ್ತದೆ. 1971ರ ಯುದ್ಧದಲ್ಲಿ ಸೆರೆಸಿಕ್ಕ ಸುಮಾರು 93,000 ಪಾಕಿಸ್ತಾನಿಗಳನ್ನು ನಾವೂ 1974ರ ಏಪ್ರಿಲ್ ಹೊತ್ತಿಗೆ ಕಳಿಸಿಕೊಟ್ಟೆವು. ಅಲ್ ಖೈದಾ ಜೊತೆಗಿನ ಯುದ್ಧ ಮುಗಿಯಿತೆಂದು ಯಾರು, ಯಾವತ್ತು ಸಾರಬೇಕು?

ಪ್ರಶ್ನೆ: ನಮ್ಮಲ್ಲೂ ಎನ್ಎಸ್ಎ (ರಾಷ್ಟ್ರೀಯ ಭದ್ರತಾ ಕಾಯ್ದೆ) ಅಡಿ ವಿಚಾರಣೆ ಇಲ್ಲದೆ ಒಳಗ ಹಾಕ್ತಾರಲ್ರಿ?
— ವಕೀಲರು, ಕೊಪ್ಪಳ

ಹಾಕುತ್ತಾರೆ, ಆದರೆ ಗಡುವು ಇದೆ. ಮೂರು ವಾರದೊಳಗೆ ಕಡತ ಸಲಹಾ ಮಂಡಳಿಗೆ ಹೋಗಬೇಕು, ಬಂಧನವಾದ ಏಳು ವಾರದೊಳಗೆ ಮಂಡಳಿ ವರದಿ ಕೊಡಬೇಕು, ಒಂದು ಆದೇಶದ ಮೇಲೆ ಗರಿಷ್ಠ 12 ತಿಂಗಳು. ಮಂಡಳಿಯ ಮುಂದೆ ವಕೀಲರನ್ನಿಟ್ಟುಕೊಳ್ಳುವ ಹಕ್ಕಿಲ್ಲ ಎಂಬುದು ದೊಡ್ಡ ಕೊರತೆ. ಆದರೂ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧನ ಕಾನೂನುಬದ್ಧವೇ ಎಂದು ಪ್ರಶ್ನಿಸುವ ಅರ್ಜಿ ಹಾಕಬಹುದು. ಕಾಗದಪತ್ರ ಕೊಡಲು ತಡಮಾಡಿದ್ದಕ್ಕೇ ಎಷ್ಟೋ ಆದೇಶಗಳು ಬಿದ್ದಿವೆ. ಗ್ವಾಂಟನಾಮೊ ಕೈದಿಗಳಿಗೆ ಆ ಸಾಂವಿಧಾನಿಕ ಹಕ್ಕು ಖಚಿತವಾದದ್ದು ಅಮೆರಿಕದ ಸುಪ್ರೀಂ ಕೋರ್ಟಿನ 2008ರ ಬೂಮೆದೀನ್ ತೀರ್ಪಿನಲ್ಲಿ, ಅದೂ 5–4ರ ಅಂತರದಲ್ಲಿ. ಆದರೆ ನಾವು ಬೀಗುವ ಹಾಗಿಲ್ಲ. ತುರ್ತುಪರಿಸ್ಥಿತಿಯಲ್ಲಿ, 1976ರ ಎಡಿಎಂ ಜಬಲ್ಪುರ್ ಪ್ರಕರಣದಲ್ಲಿ, ನಮ್ಮ ಸುಪ್ರೀಂ ಕೋರ್ಟು ಆ ಬಾಗಿಲನ್ನೇ ಮುಚ್ಚಿತ್ತು. ಐವರಲ್ಲಿ ಒಪ್ಪದಿದ್ದವರು ನ್ಯಾ. ಎಚ್.ಆರ್. ಖನ್ನಾ ಒಬ್ಬರೇ.

ಪ್ರಶ್ನೆ: ಆ ಜಾಗ ಕ್ಯೂಬಾದ್ದಲ್ಲವೇ? ಅವರೇ ಖಾಲಿ ಮಾಡಿಸಬಾರದೇ?
— ಓದುಗರು, ಗಂಗಾವತಿ

ನೆಲ ಕ್ಯೂಬಾದ್ದೇ, 1903ರಲ್ಲಿ ಗುತ್ತಿಗೆಗೆ ಕೊಟ್ಟದ್ದು. 1934ರ ಒಪ್ಪಂದದ ಪ್ರಕಾರ ಗುತ್ತಿಗೆ ಮುಗಿಯಬೇಕಾದರೆ ಇಬ್ಬರೂ ಒಪ್ಪಬೇಕು, ಇಲ್ಲವೇ ಅಮೆರಿಕ ತಾನಾಗಿ ಬಿಟ್ಟುಹೋಗಬೇಕು. ವರ್ಷದ ಬಾಡಿಗೆ 4,085 ಡಾಲರ್. ಕ್ರಾಂತಿಯ ನಂತರದ ಸರ್ಕಾರ 1959ರ ಒಂದು ಚೆಕ್ ಬಿಟ್ಟರೆ ಬೇರೆ ಯಾವುದನ್ನೂ ನಗದು ಮಾಡಿಕೊಂಡಿಲ್ಲ. ಕೈದಿಗಳೆಲ್ಲ ಹೊರಟರೂ ನೌಕಾನೆಲೆ ಅಲ್ಲೇ ಇರುತ್ತದೆ. 2025ರ ಜನವರಿಯಲ್ಲಿ ಟ್ರಂಪ್ ಅದೇ ನೆಲೆಯಲ್ಲಿ 30,000 ವಲಸಿಗರನ್ನು ಇಡುವುದಾಗಿ ಹೇಳಿದರು.