ಸಾಲಿಡ್ ಟೈರು ನಾಲ್ಕೇ ತಿಂಗಳಿಗೆ ಕಿತ್ತು ಬರುತ್ತಿದೆ, ತಪ್ಪು ಟೈರಿನದ್ದಾ?

ಪ್ರಶ್ನೆ: ನಮ್ಮಲ್ಲಿ 3 ಟನ್ನಿನ ಡೀಸೆಲ್ ಫೋರ್ಕ್‌ಲಿಫ್ಟ್ ಇದೆ. ನಾಲ್ಕೂ ಚಕ್ರಕ್ಕೆ ಸಾಲಿಡ್ ಟೈರು, ಅಂದರೆ ಗಾಳಿ ತುಂಬದ ಗಟ್ಟಿ ರಬ್ಬರಿನದು. ಮುಂದಿನವು ಮೊದಲು ಒಂದೂವರೆ ವರ್ಷ ಬಾಳುತ್ತಿದ್ದವು. ಗೋದಾಮು 600 ಮೀಟರ್ ದೂರಕ್ಕೆ ಹೋದ ಮೇಲೆ ಮೂರು-ನಾಲ್ಕು ತಿಂಗಳಿಗೇ ರಬ್ಬರ್ ಪದರ ಪದರವಾಗಿ ಕಿತ್ತು ಬರುತ್ತಿದೆ. ಮುಟ್ಟಿದರೆ ಕೈ ಸುಡುತ್ತದೆ, ಸುಟ್ಟ ವಾಸನೆ ಬೇರೆ. ಎಡಗಡೆಯದೇ ಯಾವಾಗಲೂ ಮೊದಲು ಹೋಗುವುದು. ಮೆಕ್ಯಾನಿಕ್ ಟೈರೇ ಸರಿ ಇಲ್ಲ ಅನ್ನುತ್ತಾರೆ. ಎರಡು ಕಂಪನಿಯದು ಹಾಕಿ ನೋಡಿದ್ದಾಯಿತು. ಏನು ಮಾಡಲಿ?

ಉತ್ತರ: ಎರಡು ಕಂಪನಿಯ ಟೈರೂ ಒಂದೇ ರೀತಿ ಹಾಳಾಗಿವೆ ಅಂದರೆ ಮೂರನೇ ಕಂಪನಿ ಹುಡುಕುವುದು ಸುಮ್ನೆ ದುಡ್ಡು ದಂಡ. ನನಗೆ ಅನುಮಾನ ಇರುವುದು ಆ 600 ಮೀಟರ್ ಮೇಲೆ.

ಹಳೇ ಟೈರು ಇನ್ನೂ ಬಿದ್ದಿದ್ದರೆ ಒಂದನ್ನು ಅಡ್ಡಡ್ಡ ಕುಯ್ಯಿಸಿ ನೋಡಿ. ಮೇಲಿನ ರಬ್ಬರ್ ಗಟ್ಟಿಯಾಗಿದ್ದು, ಮಧ್ಯದ್ದು ತೂತು ತೂತಾಗಿ, ಡಾಂಬರಿನಂತೆ ಬೆರಳಿಗೆ ಅಂಟುತ್ತಿದ್ದರೆ ಅದು ಓಟದ ಬಿಸಿ. ಒಳಗಿನಿಂದಲೇ ಬೆಂದಿದೆ. ಮಧ್ಯ ಚೆನ್ನಾಗಿದ್ದು, ರಿಮ್ಮಿಗೆ ಕೂರುವ ಭಾಗ ಮಾತ್ರ ಒಣಗಿ ಬಿರುಕು ಬಿಟ್ಟಿದ್ದರೆ ಬಿಸಿ ಬ್ರೇಕಿನ ಕಡೆಯಿಂದ ಬಂದಿರಬಹುದು. ಮೇಲ್ಮೈಯಲ್ಲಿ ಮಾತ್ರ ಚೂರು ಚೂರು ಎದ್ದಿದ್ದರೆ ನೆಲ ನೋಡಿ: ಗುಂಡಿ, ಕಬ್ಬಿಣದ ಚೂರು, ಚೂಪಾದ ಅಂಚು.

ಚಕ್ರ ಸುತ್ತಿದಾಗಲೆಲ್ಲ ನೆಲಕ್ಕೆ ತಾಗಿದ ರಬ್ಬರ್ ಅದುಮಿಕೊಂಡು ಮತ್ತೆ ಎದ್ದೇಳುತ್ತದೆ. ಅದುಮಲು ಹೋದ ಶಕ್ತಿಯಲ್ಲಿ ಒಂದು ಪಾಲು ಬಿಸಿಯಾಗಿ ಒಳಗೇ ಉಳಿಯುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗುವುದಿಲ್ವಾ, ಹಾಗೆ. ರಬ್ಬರ್ ಆ ಬಿಸಿಯನ್ನು ಬೇಗ ಹೊರಗೆ ಬಿಡುವುದಿಲ್ಲ. ಸಾಲಿಡ್ ಟೈರಿನಲ್ಲಂತೂ ಒಳಗೆಲ್ಲ ರಬ್ಬರೇ. ನಾಲ್ಕು ಹೆಜ್ಜೆ ಓಡಿ, ಲೋಡ್ ಇಳಿಸಿ, ನಿಂತು, ಮತ್ತೆ ಓಡುವ ಕೆಲಸಕ್ಕೆ ಇದು ಒಳ್ಳೆಯ ಟೈರು. ನಿಮ್ಮದು ಹೋಗಿ ಬಂದರೆ 1.2 ಕಿ.ಮೀ. ಗಂಟೆಗೆ ಆರು ಟ್ರಿಪ್ ಅಂದರೂ 7 ಕಿ.ಮೀ. ದಾಟಿತು, ಅದೂ ಆಪರೇಟರ್ ಖಾಲಿ ರಸ್ತೆ ಕಂಡು ಜೋರಾಗಿ ಓಡಿಸದೆ ಇರುತ್ತಾರಾ?

ಭಾರದ ಲೆಕ್ಕವನ್ನೂ ನೋಡಿ. 3 ಟನ್ನಿನ ಗಾಡಿಯ ಸ್ವಂತ ತೂಕವೇ ಸುಮಾರು 4.3 ಟನ್. ಪೂರ್ತಿ ಲೋಡ್ ಎತ್ತಿದಾಗ ಒಟ್ಟು 7.3 ಟನ್ನಿನಲ್ಲಿ ಆರೂವರೆ ಟನ್ನಿನಷ್ಟು ಮುಂದಿನ ಎರಡೇ ಟೈರಿನ ಮೇಲೆ. ಫೋರ್ಕಿಗೆ ಏನಾದರೂ ಅಟ್ಯಾಚ್‌ಮೆಂಟ್ ಹಾಕಿಸಿದ್ದರೆ ಅದರ ಭಾರವೂ ಅಲ್ಲಿಗೇ. ಒಂದು ಪ್ಯಾಲೆಟ್ಟನ್ನು ನಿಜವಾಗಿ ತೂಗಿಸಿ, ಅಂದಾಜು ಬೇಡ.

ಇನ್ನು ಎಡಗಡೆಯ ಕಥೆ. ಗೋದಾಮಿಗೆ ಹೋಗುವಾಗ ದಾರಿಯಲ್ಲಿ ಬಲಕ್ಕೆ ತಿರುಗುವ ಕಡೆ ಇದೆಯಾ? ಲೋಡ್ ಹೊತ್ತು ಜೋರಾಗಿ ಬಲಕ್ಕೆ ತಿರುಗಿದರೆ ಭಾರ ಎಡ ಟೈರಿನ ಮೇಲೆ ವಾಲುತ್ತದೆ. ದಿನಕ್ಕೆ ಹತ್ತಾರು ಸಲ ಹೀಗಾದರೆ ಎಡಗಡೆಯದು ಮೊದಲು ಹೋಗದೆ ಇನ್ನೇನು!

ತಿರುವು ಇಲ್ಲದಿದ್ದರೆ ಪೆಡಲ್ ಬಿಟ್ಟ ಮೇಲೂ ಎಡಗಡೆ ಬ್ರೇಕ್ ಹಿಡಿದುಕೊಂಡಿದೆ ಅಂತ ಅನುಮಾನಿಸಿ. ಬೆಳಿಗ್ಗೆ ಗಾಡಿ ತಣ್ಣಗಿರುವಾಗ, ಲೋಡ್ ಇಲ್ಲದೆ, ನಿಧಾನವಾಗಿ ಎರಡು ಸುತ್ತು ಹೊಡೆಸಿ. ಬ್ರೇಕ್ ಆದಷ್ಟು ಕಡಿಮೆ ಒತ್ತಲಿ. ನಿಂತ ತಕ್ಷಣ ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಎಡ ಬಲ ಎರಡೂ ರಿಮ್ ನೋಡಿ. ಟೈರು ತಣ್ಣಗಿದ್ದು ಎಡ ರಿಮ್ ಮಾತ್ರ ಬಿಸಿ ಇದ್ದರೆ ಕಳ್ಳ ಸಿಕ್ಕಿದ ಹಾಗೆ. ಜಾಕ್ ಹಾಕಿ, ಕೆಳಗೆ ಮರದ ದಿಮ್ಮಿ ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಬಿಗಿ ಅನ್ನಿಸಿದರೆ ಬ್ರೇಕ್ ಡ್ರಮ್ ಬಿಚ್ಚಿಸಿ. ಬ್ರೇಕ್ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಕಚ್ಚಿಕೊಂಡಿದೆಯಾ, ಹ್ಯಾಂಡ್ ಬ್ರೇಕ್ ಕೇಬಲ್ ಪೂರ್ತಿ ವಾಪಸ್ ಬರುತ್ತಿದೆಯಾ ನೋಡಲಿ. ಎರಡೂ ಕಡೆ ಬಿಗಿ ಇದ್ದರೆ ಬ್ರೇಕ್ ಪೆಡಲ್‌ಗೆ ಆಟ, ಅಂದರೆ ಒತ್ತುವಾಗ ಮೊದಲು ಸಿಗಬೇಕಾದ ಸಡಿಲ, ಇಲ್ಲದಿರಬಹುದು. ಆದರೆ ಒಂದು ಮಾತು, ಥರ್ಮಾಮೀಟರ್ ತೋರಿಸುವುದು ಟೈರಿನ ಹೊರಮೈ ಬಿಸಿ ಮಾತ್ರ. ಒಳಗೆ ಅದಕ್ಕಿಂತ ಎಷ್ಟೋ ಜಾಸ್ತಿ ಇರುತ್ತದೆ. ಅದಕ್ಕೇ ಬಿಸಿ ಟೈರಿಗೆ ನೀರು ಸುರಿಯುವುದರಿಂದ, ಹತ್ತು ನಿಮಿಷ ನಿಲ್ಲಿಸುವುದರಿಂದ ಹೆಚ್ಚೇನೂ ಆಗದು. ಒಳಗಿನ ಬಿಸಿ ಆರಲು ಗಂಟೆಗಟ್ಟಲೆ ಬೇಕು.

ಬ್ರೇಕ್ ಸರಿ ಮಾಡಿದರೆ ಎಡ ಬಲ ಸಮ ಆದೀತು, ನಾಲ್ಕು ತಿಂಗಳು ಒಂದೂವರೆ ವರ್ಷ ಆಗುವುದಿಲ್ಲ. ಅದಕ್ಕೆ ಓಟವನ್ನೇ ಕಡಿಮೆ ಮಾಡಬೇಕು. 600 ಮೀಟರ್ ಸಾಗಿಸಲು ಟ್ರ್ಯಾಕ್ಟರ್ ಟ್ರಾಲಿ ಇಡಿ, ಫೋರ್ಕ್‌ಲಿಫ್ಟ್ ಏರಿಸಿ ಇಳಿಸಲಿ. ಆಗದಿದ್ದರೆ ವೇಗಕ್ಕೆ ಮಿತಿ ಹಾಕಿ, ಎರಡು ಗಾಡಿಗೆ ಕೆಲಸ ಹಂಚಿ. ಟೈರು ಕೊಳ್ಳುವಾಗ ಅಳತೆ ಮಾತ್ರ ಹೇಳಬೇಡಿ. ಒಂದು ಟ್ರಿಪ್ ಎಷ್ಟು ದೂರ, ಗಂಟೆಗೆ ಎಷ್ಟು ಟ್ರಿಪ್, ಎಷ್ಟು ಭಾರ ಅಂತ ಬರೆದುಕೊಟ್ಟು, ಕಡಿಮೆ ಬಿಸಿಯಾಗುವ ರಬ್ಬರ್ ಕೇಳಿ. ನೆಲದಲ್ಲಿ ಕಪ್ಪು ಗೆರೆ ಬೀಳದ ಬಿಳಿ ಟೈರು ನಿಮ್ಮ ಕೆಲಸಕ್ಕೆ ಬೇಡ, ಸಾಮಾನ್ಯವಾಗಿ ಅದು ಕರಿ ಟೈರಿಗಿಂತ ಬೇಗ ಬಿಸಿಯಾಗುತ್ತದೆ. ಮುಂದಿನ ಎರಡನ್ನೂ ಒಟ್ಟಿಗೇ ಬದಲಿಸಿ. ಒಂದು ಹೊಸದು, ಒಂದು ಸವೆದದ್ದು ಹಾಕಿದರೆ ದೊಡ್ಡದಾಗಿರುವ ಹೊಸದೇ ಜಾಸ್ತಿ ಭಾರ ಹೊರುತ್ತದೆ. ಹಾಕಿದ ದಿನವೇ ಟೈರಿನಿಂದ ರಿಮ್ಮಿನವರೆಗೆ ಸೀಮೆಸುಣ್ಣದಲ್ಲಿ ಒಂದು ನೇರ ಗೆರೆ ಎಳೆದಿಡಿ. ವಾರದ ನಂತರ ಗೆರೆ ಮುರಿದಿದ್ದರೆ ಟೈರು ರಿಮ್ಮಿನ ಮೇಲೆ ಜಾರುತ್ತಿದೆ, ಅಲ್ಲೂ ಬಿಸಿ ಹುಟ್ಟುತ್ತಿದೆ. ಹಾಗಾದರೆ ರಿಮ್ಮನ್ನೂ ಅಳತೆ ಮಾಡಿಸಬೇಕು.