ಬ್ರೇಕ್ ಪ್ಯಾಡ್ ದುಬಾರಿ ಅನ್ನಿಸಿದರೆ ಮೊದಲು ಡಿಸ್ಕ್ ಅಳೆಸಿ

ಪರ್ಫಾರ್ಮೆನ್ಸ್ ಕಾರಿನ ನಾಲ್ಕೂ ಚಕ್ರದ ಪ್ಯಾಡ್‌ಗೆ ಶೋರೂಮ್‌ನವರು ಹೇಳಿದ ದರ ತುಂಬಾ ಜಾಸ್ತಿ, ಅದಕ್ಕಿಂತ ಕಡಿಮೆಗೆ ಹೊರಗೆ ಟ್ರ್ಯಾಕ್ ಪ್ಯಾಡ್ (ರೇಸಿಗೆಂದು ಮಾಡಿದ್ದು) ಸಿಗುತ್ತಿದೆ, ಅದನ್ನೇ ಹಾಕಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ನಾನೂ ಇದೇ ಲೆಕ್ಕ ಹಾಕಿದ್ದೆ. ಉಳಿಸಿದ್ದಕ್ಕಿಂತ ಎಷ್ಟೋ ಪಟ್ಟು ಕಳೆದುಕೊಂಡೆ.

ನನ್ನ ಕಾರಿಗೆ ಮುಂದೆ ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್, ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಪ್ಯಾಡನ್ನು ಒತ್ತಿ ಹಿಡಿಯುವ ಭಾಗ. ಪ್ಯಾಡ್ ದೀಪ ಹತ್ತಿದಾಗ ಕೊಟೇಶನ್ ತರಿಸಿದೆ. ಪ್ಯಾಡ್, ಸೆನ್ಸರ್, ಪಿನ್ನು, ಕ್ಲಿಪ್ಪು, ಬ್ರೇಕ್ ಆಯಿಲ್, ಲೇಬರ್ ಅಂತ ಉದ್ದನೆಯ ಪಟ್ಟಿ. ಕೆಳಗಿನ ಮೊತ್ತ ನೋಡಿ ಎದೆ ಧಸಕ್ ಅಂತು. ಅಷ್ಟರಲ್ಲಿ ಪರಿಚಯದವರೊಬ್ಬರು ಟ್ರ್ಯಾಕ್ ಪ್ಯಾಡ್ ತೋರಿಸಿದರು. ರೇಸಿನಲ್ಲಿ ತಡೆಯುವ ಪ್ಯಾಡ್ ರಸ್ತೆಯಲ್ಲಿ ತಡೆಯದೇ ಇರುತ್ತದಾ ಅಂದುಕೊಂಡು ಹಾಕಿಸಿಬಿಟ್ಟೆ.

ಎಡವಿದ್ದು ಅಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನಗೆ ಆಗ ಯಾರೂ ಹೇಳಿರಲಿಲ್ಲ. ರಸ್ತೆಗೆಂದು ಮಾಡಿದ ಪ್ಯಾಡ್ ತನ್ನದೇ ಪದಾರ್ಥದ ತೆಳುವಾದ ಪದರವನ್ನು ಡಿಸ್ಕಿನ ಮೇಲೆ ಕೂರಿಸುತ್ತದೆ. ಆಮೇಲೆ ತಿಕ್ಕಾಟವೆಲ್ಲ ಬಹುಮಟ್ಟಿಗೆ ಆ ಪದರಕ್ಕೂ ಪ್ಯಾಡಿಗೂ ನಡುವೆ. ಡಿಸ್ಕಿನ ಕಬ್ಬಿಣ ನಿಧಾನಕ್ಕೆ ಸವೆಯುತ್ತದೆ. ಟ್ರ್ಯಾಕ್ ಪ್ಯಾಡ್ ಮಾಡಿರುವುದು ನೂರಾರು ಡಿಗ್ರಿ ಬಿಸಿಯಲ್ಲೂ ಹಿಡಿತ ಬಿಡಬಾರದು ಅಂತ. ಬಿಸಿ ಏರಿದರೆ ಅದೂ ಪದರ ಕಟ್ಟುತ್ತದೆ. ತಣ್ಣಗಿದ್ದಷ್ಟು ಹೊತ್ತೂ ಉಪ್ಪುಕಾಗದದ ಹಾಗೆ ಡಿಸ್ಕನ್ನು ಕೆರೆಯುತ್ತದೆ. ಇನ್ನು ರಸ್ತೆಯಲ್ಲಿ ಆ ಬಿಸಿ ಎಲ್ಲಿಂದ ಬರಬೇಕು? ವೇಗ ಎರಡು ಪಟ್ಟಾದರೆ ಬ್ರೇಕ್ ಅರಗಿಸಿಕೊಳ್ಳಬೇಕಾದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 200 ಕಿ.ಮೀ. ವೇಗದಿಂದ ತಿರುವು ತಿರುವಿಗೂ ಇಳಿಸುವುದು ಬೇರೆ, 50ರಲ್ಲಿ ಹೋಗುತ್ತಾ ಸಿಗ್ನಲ್ಲಿಗೆ ನಿಲ್ಲಿಸುವುದು ಬೇರೆ. ನನ್ನ ಪ್ಯಾಡ್ ಬಿಸಿಯೇ ಆಗುತ್ತಿರಲಿಲ್ಲ.

ಬೆಳಗ್ಗೆ ಹೊರಟ ಕೂಡಲೇ ಮೊದಲ ಬ್ರೇಕ್ ಹಿಡಿಯುತ್ತಲೇ ಇರಲಿಲ್ಲ, ಪೆಡಲ್ ಇನ್ನಷ್ಟು ಒತ್ತಬೇಕಿತ್ತು. ಅದೇ ನಿಜವಾದ ಅಪಾಯ, ದುಡ್ಡಿನ ಮಾತು ಆಮೇಲೆ. ನಿಲ್ಲಿಸುವಾಗ ಕಿರ್ರ್ ಅಂತ ಶಬ್ದ. ಗಾಲಿಯ ಅಲಾಯ್ ಮೇಲೆ ಕಂದು ಪುಡಿ. ಕೊನೆಗೆ ಚಕ್ರ ಬಿಚ್ಚಿಸಿ ಡಿಸ್ಕಿನ ಮೇಲೆ ಉಗುರು ಎಳೆದು ನೋಡಿದೆ. ಉದ್ದಕ್ಕೂ ಗೀರು, ಹೊರ ಅಂಚಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಏಣು. ಡಿಸ್ಕ್ ಎಷ್ಟು ತೆಳುವಾಗಬಹುದು ಅನ್ನುವ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಅಚ್ಚು ಹಾಕಿರುತ್ತಾರೆ. ಹೊಸ ಡಿಸ್ಕಿಗೂ ಆ ಮಿತಿಗೂ ನಡುವೆ ಹೆಚ್ಚಿನ ಕಾರುಗಳಲ್ಲಿ ಇರುವುದು 2 ಮಿಲಿಮೀಟರ್ ಆಸುಪಾಸು, ಅದೂ ಎರಡೂ ಮುಖ ಸೇರಿ. ನನ್ನದು ಮಿತಿ ದಾಟಿತ್ತು. ಹೊಸ ಡಿಸ್ಕ್, ಮತ್ತೆ ಹೊಸ ಪ್ಯಾಡ್, ಮತ್ತೆ ಲೇಬರ್.

ಹಾಗಾಗಿ ಶೋರೂಮೋ ಹೊರಗೋ ಅನ್ನುವ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಪ್ಯಾಡ್ ಯಾವ ಬಗೆಯದು, ಡಿಸ್ಕಿನಲ್ಲಿ ಎಷ್ಟು ಉಳಿದಿದೆ, ಇವೆರಡನ್ನು ಕೇಳಿ. ಹೊರಗಿನ ಒಳ್ಳೆಯ ಗ್ಯಾರೇಜಿನಲ್ಲಿ ರಸ್ತೆಯ ಪ್ಯಾಡ್ ಹಾಕಿಸಿದರೆ ಏನೂ ತೊಂದರೆಯಿಲ್ಲ.

ಉಳಿಸಲೇಬೇಕು ಅಂದರೆ ಬೇರೆ ಕಡೆ ಜಾಗ ಇದೆ. ನಾಲ್ಕೂ ಚಕ್ರಕ್ಕೆ ಒಟ್ಟಿಗೆ ಹಾಕಿಸಬೇಕು ಅಂತೇನಿಲ್ಲ. ಮುಂದಿನ ಜೋಡಿ, ಹಿಂದಿನ ಜೋಡಿ ಬೇರೆ ಬೇರೆ ಸವೆಯುತ್ತವೆ. 3 ಮಿಲಿಮೀಟರ್‌ಗೆ ಇಳಿದ ಜೋಡಿ ಬದಲಿಸಿದರೆ ಸಾಕು. ಸೆನ್ಸರ್ ಅಂದರೆ ಪ್ಯಾಡಿನೊಳಗೆ ಕೂತ ತಂತಿ, ಅದು ಸವೆದಾಗ ದೀಪ ಹತ್ತುತ್ತದೆ. ದೀಪ ಹತ್ತುವ ಮೊದಲೇ ಪ್ಯಾಡ್ ಬದಲಿಸಿದರೆ ಎಷ್ಟೋ ಸಲ ಹಳೆಯ ಸೆನ್ಸರನ್ನೇ ಬಳಸಬಹುದು. ಮುಂದಿನ ಕ್ಯಾಲಿಪರ್ ಪಿನ್ ಎಳೆದರೆ ಪ್ಯಾಡ್ ಮೇಲಿಂದ ಹೊರಬರುವ ಬಗೆಯದಾದರೆ ಕೆಲಸ ಬೇಗ ಮುಗಿಯುತ್ತದೆ, ಅಲ್ಲಿ ಲೇಬರ್ ಬಗ್ಗೆ ಚೌಕಾಸಿ ಮಾಡಿ. ಹಿಂದೆ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಮಾತ್ರ ಸರ್ವಿಸ್ ಮೋಡ್‌ಗೆ ಹಾಕಿ ಪಿಸ್ಟನ್ ಹಿಂದೆ ತಳ್ಳಲು ಗೊತ್ತಿರುವವರ ಕೈಗೇ ಕೊಡಿ.

ಬ್ರೇಕ್ ಆಯಿಲ್ ಪಟ್ಟಿಯಿಂದ ತೆಗೆಸಬೇಡಿ. ಅದು ಗಾಳಿಯ ತೇವ ಹೀರುತ್ತದೆ, ಹೀರಿದಷ್ಟೂ ಕಡಿಮೆ ಬಿಸಿಗೇ ಕುದಿಯುತ್ತದೆ, ಕುದಿದರೆ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಡಾಟ್ 4 ದರ್ಜೆಯ ಆಯಿಲ್‌ಗೆ ಹೊಸದಿದ್ದಾಗ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು ಅನ್ನುವುದು ನಿಯಮ, ತೇವ ಸೇರಿದ ಮೇಲೆ ಕನಿಷ್ಠ 155. ಎರಡು ವರ್ಷ ಆಗಿದ್ದರೆ ಸುಮ್ನೆ ಬದಲಿಸಿ.

ನಿಮ್ಮದು ಕಾರ್ಬನ್ ಸೆರಾಮಿಕ್ ಡಿಸ್ಕ್ ಆಗಿದ್ದರೆ ಅದಕ್ಕೆಂದೇ ಮಾಡಿದ ಪ್ಯಾಡ್ ಬಿಟ್ಟು ಬೇರೆ ಯಾವುದನ್ನೂ ಮುಟ್ಟಬೇಡಿ. ಆ ಡಿಸ್ಕಿನ ಬೆಲೆ ಮುಂದೆ ಪ್ಯಾಡಿನ ಬೆಲೆ ಲೆಕ್ಕಕ್ಕೇ ಇಲ್ಲ.

ಹೊಸ ಪ್ಯಾಡ್ ಹಾಕಿಸಿದ ಮೇಲೆ ಖಾಲಿ ರಸ್ತೆ ನೋಡಿ ಬೆಡ್ಡಿಂಗ್ ಮಾಡಿ, ಅಂದರೆ ಪ್ಯಾಡಿನ ಪದರವನ್ನು ಡಿಸ್ಕಿನ ಮೇಲೆ ಸಮನಾಗಿ ಕೂರಿಸಿ. 80ರಿಂದ 20ಕ್ಕೆ ಹದವಾಗಿ ಇಳಿಸಿ, ಮತ್ತೆ ವೇಗ ಏರಿಸಿ, ಹೀಗೆ ಕೆಲವು ಸಲ. ಪೂರ್ತಿ ನಿಲ್ಲಿಸಬೇಡಿ. ಬಿಸಿ ಡಿಸ್ಕಿನ ಮೇಲೆ ಪೆಡಲ್ ಒತ್ತಿ ನಿಂತರೆ ಒಂದೇ ಕಡೆ ಪ್ಯಾಡಿನ ಗುರುತು ಕೂತು, ಆಮೇಲೆ ಬ್ರೇಕ್ ಹಾಕಿದಾಗಲೆಲ್ಲ ಸ್ಟೀರಿಂಗ್ ನಡುಗುತ್ತದೆ. ಮುಗಿದ ಮೇಲೆ ಬ್ರೇಕ್ ಆದಷ್ಟು ಮುಟ್ಟದೆ ಸ್ವಲ್ಪ ದೂರ ಓಡಿಸಿ, ಆರಲಿ.